ಆ ಸಂಜೆ ಒಬ್ಬರೇ ಉಳಿದವರು ಯಾರು? ಕ್ರಿಸ್‌ಮಸ್ ಸಿನಿಮಾಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ಡಿಸೆಂಬರ್ ಬಂತೆಂದರೆ ಮನೆಯವರೆಲ್ಲ ಒಟ್ಟಿಗೆ ಕೂತು ಕ್ರಿಸ್‌ಮಸ್ ಸಿನಿಮಾ ನೋಡುತ್ತೇವೆ. ಈಚೆಗೆ ಯಾಕೋ ಬೇಜಾರು ಬರುತ್ತಿದೆ. ಎಲ್ಲದರಲ್ಲೂ ಅದೇ ಹಿಮ, ಅದೇ ದೀಪದ ಮರ, ಒಂದು ಸಣ್ಣ ಜಗಳ, ಕೊನೆಗೆ ಅಪ್ಪುಗೆ. ಇವೆಲ್ಲ ಸಾಮಾನು ಮಾರೋದಕ್ಕೆ ಮಾಡಿದ ಸಿನಿಮಾಗಳು ಅಂತ ನಮ್ಮ ಯಜಮಾನರು ಹೇಳುತ್ತಾರೆ. ಕ್ರಿಸ್‌ಮಸ್ ಸ್ಪಿರಿಟ್ ಅಂತಾರಲ್ಲ, ಅದು ನಿಜಕ್ಕೂ ಯಾವ ಸಿನಿಮಾದಲ್ಲಿದೆ? ನಿಮಗೆ ಇಷ್ಟವಾದವು ಯಾವುವು? ಹನ್ನೆರಡು ವರ್ಷದ ಮಗ, ವಯಸ್ಸಾದ ಅತ್ತೆ ಇಬ್ಬರೂ ಕೂತು ನೋಡುವಂಥದ್ದು ಬೇಕು. ಇನ್ನೊಂದು, 'ಡೈ ಹಾರ್ಡ್' ಕ್ರಿಸ್‌ಮಸ್ ಸಿನಿಮಾನಾ? ಮನೆಯಲ್ಲಿ ಇದೇ ವಾದ ನಡೆದಿದೆ.

ಉತ್ತರ: ನಿಮ್ಮ ಬೇಜಾರು ಸಹಜ. ಡಿಸೆಂಬರ್‌ಗೆಂದೇ ವರ್ಷವರ್ಷವೂ ರಾಶಿ ಸಿನಿಮಾಗಳು ತಯಾರಾಗುತ್ತವೆ. ದೊಡ್ಡ ಪಟ್ಟಣದ ಕೆಲಸ ಬಿಟ್ಟು ಊರಿಗೆ ಬರುವ ನಾಯಕಿ, ಊರಲ್ಲೇ ಉಳಿದ ಒಳ್ಳೆಯ ಹುಡುಗ, ಇನ್ನೇನು ಮುಚ್ಚಿಹೋಗುವ ಹಂತದಲ್ಲಿರುವ ಒಂದು ಬೇಕರಿ. ಹೆಸರು ಬದಲಾಗುತ್ತದೆ, ಸ್ವೆಟರ್ ಬಣ್ಣ ಬದಲಾಗುತ್ತದೆ, ಕಥೆ ಮಾತ್ರ ಅದೇ. ಇವನ್ನು ನೋಡಬಾರದು ಅಂತೇನಿಲ್ಲ. ಸುಸ್ತಾದ ದಿನ ಸುಮ್ನೆ ಹಾಕಿಕೊಂಡು ಕೂರಬಹುದು. ಆದರೆ ಅಲ್ಲಿ ಹಬ್ಬ ಬರೀ ಅಲಂಕಾರಕ್ಕೆ ಇರುತ್ತದೆ. ಕ್ರಿಸ್‌ಮಸ್ ತೆಗೆದು ಬೇರೆ ಯಾವ ದಿನ ಇಟ್ಟರೂ ಕಥೆಗೆ ಏನೂ ಆಗುವುದಿಲ್ಲ.

ಎಪ್ಪತ್ತು, ಎಂಬತ್ತು ವರ್ಷ ಹಳೆಯದಾದರೂ ಜನ ಇನ್ನೂ ನೋಡುತ್ತಿರುವ ಸಿನಿಮಾಗಳನ್ನು ಒಮ್ಮೆ ತೆಗೆದು ನೋಡಿ. ಅಲ್ಲಿ ಸಂತೋಷಕ್ಕಿಂತ ಜಾಸ್ತಿ ಇರುವುದು ಒಂಟಿತನ, ಸಾಲ, ಅವಮಾನ, ಮನೆಗೆ ಹೋಗಲಾಗದ ಸಂಕಟ. ಹಬ್ಬದ ಗುಣವೇ ಅದು. ಬೇರೆ ದಿನ ಹೇಗೋ ನುಂಗಿಕೊಂಡ ದುಃಖ ಹಬ್ಬದ ದಿನ ನುಂಗೋಕೆ ಆಗುವುದಿಲ್ಲ. ಎಲ್ಲರ ಮನೆಯಲ್ಲೂ ದೀಪ ಹತ್ತಿರುವಾಗ ನಮ್ಮ ಕತ್ತಲೆ ನಮಗೇ ಎದ್ದು ಕಾಣುತ್ತದೆ. ಹಾಗಾಗಿ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಇವನ್ನು ಅಳೆಯುತ್ತೇನೆ. ಡಿಸೆಂಬರ್ 24ರ ಸಂಜೆ ಈ ಕಥೆಯಲ್ಲಿ ಒಬ್ಬರೇ ಉಳಿದವರು ಯಾರು? ಅವರು ಯಾರ ಕಣ್ಣಿಗಾದರೂ ಬಿದ್ದರಾ? ಇದಕ್ಕೆ ಸರಿಯಾದ ಉತ್ತರ ಇರುವ ಸಿನಿಮಾದಲ್ಲಿ ನೀವು ಕೇಳಿದ ಆ ಸ್ಪಿರಿಟ್ ಇದೆ. ಹಿಮ ಬೀಳಲಿ, ಬೀಳದಿರಲಿ.

ಒಂದು ದೃಶ್ಯದಿಂದಲೇ ಶುರು ಮಾಡುತ್ತೇನೆ. 1940ರ 'ದ ಶಾಪ್ ಅರೌಂಡ್ ದ ಕಾರ್ನರ್'. ನಿರ್ದೇಶಕ ಅರ್ನ್ಸ್ಟ್ ಲುಬಿಚ್. ಬುಡಾಪೆಸ್ಟ್‌ನ ಒಂದು ಅಂಗಡಿ, ಅಲ್ಲಿ ಕೆಲಸ ಮಾಡುವ ಒಂದಷ್ಟು ಜನ. ಹೆಸರು ಗೊತ್ತಿಲ್ಲದೆ ಒಬ್ಬರಿಗೊಬ್ಬರು ಕಾಗದ ಬರೆದುಕೊಳ್ಳುವ ಇಬ್ಬರು, ಅಂಗಡಿಯಲ್ಲಿ ಮಾತ್ರ ದಿನಾ ಕಿತ್ತಾಡುತ್ತಾರೆ. ಎಲ್ಲರೂ ನೆನಪಿಟ್ಟುಕೊಳ್ಳುವುದು ಈ ಪ್ರೇಮಕಥೆಯನ್ನೇ. ನನಗೆ ಮುಖ್ಯವಾಗಿ ಕಾಣುವುದು ಅಂಗಡಿ ಮಾಲೀಕ ಮಾತುಚೆಕ್. ಹೆಂಡತಿ ತನ್ನದೇ ಅಂಗಡಿಯ ಒಬ್ಬ ಕೆಲಸಗಾರನ ಜೊತೆ ಸಂಬಂಧ ಇಟ್ಟುಕೊಂಡಿದ್ದಾಳೆ ಎಂದು ಗೊತ್ತಾಗಿ ಆತ ಸಾಯಲು ಹೊರಟಿದ್ದವನು. ಅಂಗಡಿಯ ಓಡಾಟದ ಕೆಲಸದ ಹುಡುಗನೊಬ್ಬ ಸಮಯಕ್ಕೆ ಬಂದು ತಡೆದಿದ್ದರಿಂದ ಬದುಕಿದ್ದಾನೆ.

ಕ್ರಿಸ್‌ಮಸ್ ಹಿಂದಿನ ಸಂಜೆ ವ್ಯಾಪಾರ ಭರ್ಜರಿಯಾಗಿದೆ. ಅಂಗಡಿ ಮುಚ್ಚಿತು. ಹೊರಗೆ ಹಿಮ. ಮಾಲೀಕ ಬಾಗಿಲ ಬಳಿ ನಿಂತು, ಹೊರಟ ಒಬ್ಬೊಬ್ಬರನ್ನೂ ಮಾತಾಡಿಸುತ್ತಾನೆ. ಈ ಹೊತ್ತು ಎಲ್ಲಿಗೆ, ಯಾರ ಜೊತೆ? ಒಬ್ಬರಿಗೆ ಹೆಂಡತಿ ಮಕ್ಕಳಿದ್ದಾರೆ, ಇನ್ನೊಬ್ಬರಿಗೆ ತಾಯಿ. ಎಲ್ಲರಿಗೂ ಹೋಗಲು ಒಂದು ಜಾಗ ಇದೆ. ಆತನ ಮುಖದಲ್ಲಿ ನಗು ಹಾಗೇ ಇದೆ, ಆದರೆ ಪ್ರತಿ ಉತ್ತರಕ್ಕೂ ಸ್ವಲ್ಪ ಸ್ವಲ್ಪ ಸೋಲುತ್ತಿದ್ದಾನೆ. ಕೊನೆಗೆ ಹೊಸದಾಗಿ ಸೇರಿದ ಹುಡುಗ ರೂಡಿ ಬರುತ್ತಾನೆ. ಊರಲ್ಲಿ ಅವನಿಗೆ ಯಾರೂ ಇಲ್ಲ. ಅಷ್ಟು ಕೇಳಿದ್ದೇ ತಡ, ಮಾತುಚೆಕ್‌ಗೆ ಜೀವ ಬರುತ್ತದೆ. ಕೋಳಿ ಸೂಪು ಇಷ್ಟಾನಾ? ಸೇಬು ತುಂಬಿ ಹುರಿದ ಹೆಬ್ಬಾತು? ಬೆಣ್ಣೆ ಹಾಕಿದ ಆಲೂಗಡ್ಡೆ? ಸೌತೆಕಾಯಿ ಸಲಾಡ್? ಒಂದೊಂದೇ ತಿಂಡಿಯ ಹೆಸರು ಹೇಳುತ್ತಾ ಹೋಗುತ್ತಾನೆ, ಹುಡುಗನ ಕಣ್ಣು ಅರಳುತ್ತಾ ಹೋಗುತ್ತದೆ. ಇಬ್ಬರೂ ಊಟಕ್ಕೆ ಹೊರಡುತ್ತಾರೆ. ಇಲ್ಲಿ ಯಾರು ಯಾರಿಗೆ ಉಪಕಾರ ಮಾಡಿದರು ಹೇಳಿ? ಹುಡುಗನಿಗೆ ಊಟ ಸಿಕ್ಕಿತು. ಮುದುಕನಿಗೆ ಎದುರಿಗೆ ಕೂರುವ ಒಬ್ಬ ಮನುಷ್ಯ ಸಿಕ್ಕ. ಯಾರೂ ಭಾಷಣ ಮಾಡಲಿಲ್ಲ, ಊಟದ ಪಟ್ಟಿ ಮಾತ್ರ ಓದಿದರು. ಕ್ರಿಸ್‌ಮಸ್ ಸಿನಿಮಾಗಳಲ್ಲಿ ಇದಕ್ಕಿಂತ ಒಳ್ಳೆಯ ಎರಡು ನಿಮಿಷ ನಾನು ನೋಡಿಲ್ಲ.

ಈಗ ಎಲ್ಲರೂ ಹೇಳುವ ಹೆಸರಿಗೆ ಬರೋಣ. 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್'. ಇದನ್ನು ಸಿಹಿಯಾದ ಸಿನಿಮಾ ಎಂದುಕೊಂಡು ದೂರ ಇಡುವವರೇ ಜಾಸ್ತಿ. ನೋಡಿದರೆ ಅಷ್ಟು ಕಹಿ ತುಂಬಿದ ಜನಪ್ರಿಯ ಸಿನಿಮಾ ಇನ್ನೊಂದು ಸಿಗುವುದು ಕಷ್ಟ. ನಾಯಕ ಜಾರ್ಜ್ ಬೇಯ್ಲಿಗೆ ಊರು ಬಿಟ್ಟು ಜಗತ್ತು ನೋಡುವ ಆಸೆ. ಪ್ರತಿ ಸಲವೂ ಯಾರದೋ ಕಷ್ಟಕ್ಕೆ ನಿಂತು ಹೊರಡುವುದು ತಪ್ಪುತ್ತದೆ. ಅಪ್ಪ ಕಟ್ಟಿದ, ಬಡವರಿಗೆ ಮನೆಸಾಲ ಕೊಡುವ ಪುಟ್ಟ ಸಂಸ್ಥೆಯಲ್ಲೇ ವಯಸ್ಸು ಕಳೆಯುತ್ತದೆ. ಕ್ರಿಸ್‌ಮಸ್ ಹಿಂದಿನ ದಿನ ಚಿಕ್ಕಪ್ಪ 8,000 ಡಾಲರ್ ಕಳೆದುಕೊಳ್ಳುತ್ತಾನೆ. ಆ ದುಡ್ಡು ಊರಿನ ಸಿರಿವಂತ ಪಾಟರ್‌ನ ಕೈಗೆ ಸೇರುತ್ತದೆ, ಅವನು ಬಾಯಿ ಬಿಡುವುದಿಲ್ಲ. ಜೈಲು ಖಚಿತ ಅನ್ನಿಸಿದಾಗ ಜಾರ್ಜ್ ಸೇತುವೆಯ ಮೇಲೆ ಬಂದು ನಿಲ್ಲುತ್ತಾನೆ.

ಸೇತುವೆಗೆ ಬರುವ ಮೊದಲು ಒಂದು ಬಾರ್‌ನಲ್ಲಿ ಕೂತು ಪ್ರಾರ್ಥನೆ ಮಾಡುವ ದೃಶ್ಯವಿದೆ. ದಯವಿಟ್ಟು ಅದನ್ನು ಗಮನಿಸಿ ನೋಡಿ. ಜಾರ್ಜ್ ಪಾತ್ರ ಮಾಡಿದ ಜೇಮ್ಸ್ ಸ್ಟೀವರ್ಟ್ ಆಗಷ್ಟೇ ಯುದ್ಧದಿಂದ ಬಂದವರು. ಜರ್ಮನಿಯ ಮೇಲೆ ಬಾಂಬರ್ ವಿಮಾನ ಹಾರಿಸಿದವರು. ಮರಳಿ ಬಂದ ಮೇಲೆ ಮಾಡಿದ ಮೊದಲ ಸಿನಿಮಾ ಇದು. ಆ ದೃಶ್ಯದಲ್ಲಿ ನಟಿಸುತ್ತಾ ನಟಿಸುತ್ತಾ ಅವರಿಗೆ ನಿಜವಾಗಿಯೇ ಅಳು ಬಂತು. ಕ್ಯಾಮರಾ ಸ್ವಲ್ಪ ದೂರದಲ್ಲಿತ್ತು. ಅದೇ ಅಳು ಇನ್ನೊಮ್ಮೆ ಬರುವುದಿಲ್ಲ ಎಂದು ನಿರ್ದೇಶಕ ಫ್ರಾಂಕ್ ಕಾಪ್ರಾಗೆ ಗೊತ್ತಿತ್ತು. ಹಾಗಾಗಿ ಲ್ಯಾಬ್‌ನಲ್ಲಿ ಒಂದೊಂದೇ ಫ್ರೇಮನ್ನು ಹಿಗ್ಗಿಸಿ ಮುಖವನ್ನು ಹತ್ತಿರಕ್ಕೆ ತಂದರು. ಆ ಕಡೆ ಚಿತ್ರ ಕೊಂಚ ಒರಟಾಗಿ, ಕಾಳುಕಾಳಾಗಿ ಕಾಣುವುದು ಅದಕ್ಕೇ. ಹಬ್ಬದ ಗದ್ದಲ ಹಿಂದೆ ಕೇಳುತ್ತಲೇ ಇದೆ, ಮುಂದೆ ಒಬ್ಬ ಮನುಷ್ಯ ಒಡೆದುಹೋಗುತ್ತಿದ್ದಾನೆ.

ದೇವದೂತ ಬಂದು, ನೀನು ಹುಟ್ಟದೇ ಇದ್ದಿದ್ದರೆ ಊರು ಹೇಗಿರುತ್ತಿತ್ತು ಎಂದು ತೋರಿಸುವ ಭಾಗ ಎಲ್ಲರಿಗೂ ಗೊತ್ತು. ಅದಕ್ಕಿಂತ ಬಹಳ ಮೊದಲೇ, 1919ರಲ್ಲಿ ನಡೆಯುವ ಒಂದು ಚಿಕ್ಕ ಘಟನೆ ಇದೆ. ಹುಡುಗ ಜಾರ್ಜ್ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅಂಗಡಿಯ ಮಾಲೀಕ ಗೋವರ್‌ಗೆ ಟೆಲಿಗ್ರಾಂ ಬಂದಿದೆ, ಮಗ ಜ್ವರದಲ್ಲಿ ತೀರಿಕೊಂಡ ಸುದ್ದಿ. ಆ ದುಃಖದಲ್ಲಿ ಆತ ಮಾತ್ರೆಗೆ ವಿಷ ತುಂಬಿಬಿಡುತ್ತಾನೆ. ಹುಡುಗನಿಗೆ ಅದು ಗೊತ್ತಾಗುತ್ತದೆ, ಔಷಧಿ ಕೊಡದೆ ಮರಳಿ ಬರುತ್ತಾನೆ. ಗೋವರ್ ಅವನ ಕಿವಿಯಿಂದ ರಕ್ತ ಬರುವಂತೆ ಹೊಡೆಯುತ್ತಾನೆ. ನಿಮಗೆ ದುಃಖ ಆಗಿದೆ, ನೀವು ಬೇಕಂತ ಮಾಡಿಲ್ಲ ಅಂತ ಅಳುತ್ತಾ ಹೇಳುತ್ತಾನೆ ಹುಡುಗ. ಮೇಜಿನ ಮೇಲೆ ಬಿದ್ದಿದ್ದ ಆ ಟೆಲಿಗ್ರಾಂ ಓದಿದವನು ಅವನೊಬ್ಬನೇ. ಇಡೀ ಸಿನಿಮಾ ನಿಂತಿರುವುದು ಇದರ ಮೇಲೆ. ಜಾರ್ಜ್ ದೊಡ್ಡ ತ್ಯಾಗಿ ಎನ್ನುವುದಕ್ಕಿಂತ, ಪಕ್ಕದವರಿಗೆ ಏನಾಗಿದೆ ಎಂದು ನೋಡುವ ಕಣ್ಣು ಅವನಿಗಿದೆ. ಕೊನೆಯಲ್ಲಿ ಊರಿನವರು ಬುಟ್ಟಿ ತುಂಬ ದುಡ್ಡು ತಂದು ಸುರಿಯುವುದು ಆ ಕಣ್ಣಿಗೆ ತೀರಿಸಿದ ಹಳೆಯ ಸಾಲ. ಪಾಟರ್‌ಗೆ ಶಿಕ್ಷೆ ಆಗುವುದಿಲ್ಲ, ಕದ್ದ ದುಡ್ಡು ವಾಪಸ್ ಬರುವುದಿಲ್ಲ. ಇದು ನನಗೆ ತುಂಬಾ ಹಿಡಿಸುತ್ತದೆ. ನ್ಯಾಯ ಸಿಗದಿದ್ದರೂ ನೆರೆಹೊರೆ ಸಿಕ್ಕಿತು.

ಈ ಸಿನಿಮಾ ಬಿಡುಗಡೆಯಾದಾಗ ಐದು ಆಸ್ಕರ್ ನಾಮನಿರ್ದೇಶನ ಬಂದರೂ ದುಡ್ಡು ಮಾಡಲಿಲ್ಲ. 1974ರಲ್ಲಿ ಹಕ್ಕುಸ್ವಾಮ್ಯ ನವೀಕರಿಸುವುದನ್ನು ಮರೆತುಬಿಟ್ಟರು. ಸಿನಿಮಾ ಪುಕ್ಕಟೆ ಸಿಗುವಂತಾದ ಮೇಲೆ ಅಮೆರಿಕದ ಟಿವಿ ಚಾನೆಲ್‌ಗಳು ಪ್ರತಿ ಡಿಸೆಂಬರ್ ಹಾಕಿದವು, ಹಾಕುತ್ತಲೇ ಹೋದವು. ಜನ ಪ್ರೀತಿಸಿದ್ದು ಆಮೇಲೆ. ಇನ್ನೊಂದು ಸಂಗತಿ ನಿಮ್ಮ ಮಗನಿಗೆ ಇಷ್ಟವಾಗಬಹುದು. ಆ ಹಿಮವೆಲ್ಲ ಬೇಸಿಗೆಯಲ್ಲಿ, ಸುಡುಬಿಸಿಲಿನಲ್ಲಿ ಮಾಡಿದ್ದು. ಅಲ್ಲಿಯವರೆಗೆ ಸಿನಿಮಾಗಳಲ್ಲಿ ಹಿಮಕ್ಕೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಸುರಿಯುತ್ತಿದ್ದರು. ತುಳಿದರೆ ಕರಕರ ಸದ್ದು, ಹಾಗಾಗಿ ಮಾತನ್ನೆಲ್ಲ ಆಮೇಲೆ ಸೇರಿಸಬೇಕಿತ್ತು. ಇಲ್ಲಿ ಬೆಂಕಿ ಆರಿಸುವ ನೊರೆಯನ್ನೇ ಬಳಸಿ ಸದ್ದಿಲ್ಲದ ಹಿಮ ತಯಾರಿಸಿದರು. ಅದಕ್ಕೆ ತಾಂತ್ರಿಕ ವಿಭಾಗದ ಆಸ್ಕರ್ ಮನ್ನಣೆಯೂ ಸಿಕ್ಕಿತು.

ಜಿಪುಣ ಸ್ಕ್ರೂಜ್‌ನ ಕಥೆ ನಿಮಗೆ ಹೇಗೂ ಗೊತ್ತಿರುತ್ತದೆ. ಕ್ರಿಸ್‌ಮಸ್ ಹಿಂದಿನ ರಾತ್ರಿ ಭೂತಗಳು ಬಂದು ಕಣ್ಣು ತೆರೆಸಿದ ಮೇಲೆ ಅವನು ಒಳ್ಳೆಯವನಾಗುತ್ತಾನೆ. ಚಾರ್ಲ್ಸ್ ಡಿಕನ್ಸ್ ಅದನ್ನು ಪ್ರಕಟಿಸಿದ್ದು 1843ರ ಡಿಸೆಂಬರ್‌ನಲ್ಲಿ. 1901ರಷ್ಟು ಹಿಂದೆಯೇ ಬ್ರಿಟನ್‌ನಲ್ಲಿ ಅದರ ಮೂಕಿ ಚಿತ್ರ ಬಂದಿತ್ತು. ಅಲ್ಲಿಂದ ಎಷ್ಟೋ ರೂಪಗಳು ಬಂದಿವೆ, ಎಲ್ಲವನ್ನೂ ನೋಡಬೇಕಿಲ್ಲ. ಎರಡು ಸಾಕು. ಮಗನ ಜೊತೆ ನೋಡುವುದಾದರೆ 1992ರ 'ದ ಮಪೆಟ್ ಕ್ರಿಸ್‌ಮಸ್ ಕ್ಯಾರಲ್'. ಸುತ್ತ ಬೊಂಬೆಗಳೇ ಇದ್ದರೂ ಸ್ಕ್ರೂಜ್ ಪಾತ್ರದ ಮೈಕೆಲ್ ಕೇನ್ ಒಂದು ಕ್ಷಣವೂ ಹಗುರಾಗಿ ನಟಿಸಿಲ್ಲ. ಅದಕ್ಕೇ ಅದು ಮನಸ್ಸಿಗೆ ತಟ್ಟುತ್ತದೆ.

ಇನ್ನೊಂದು 1951ರ 'ಸ್ಕ್ರೂಜ್', ಅಲಿಸ್ಟೇರ್ ಸಿಮ್ ನಟಿಸಿದ್ದು. ಬದಲಾದ ಮೇಲಿನ ಸ್ಕ್ರೂಜ್‌ನನ್ನು ಇಷ್ಟು ಚೆನ್ನಾಗಿ ಯಾರೂ ತೋರಿಸಿಲ್ಲ. ಬೆಳಗ್ಗೆ ಎದ್ದು ಅವನು ನಗುವುದನ್ನು ನೋಡಿ ಮನೆಗೆಲಸದಾಕೆ ಹೆದರಿ ಚೀರುತ್ತಾಳೆ. ಕೈಗೆ ಗಿನಿ ನಾಣ್ಯ ಇಟ್ಟರೆ, ಇದು ಬಾಯಿ ಮುಚ್ಚಿಕೊಂಡಿರೋದಕ್ಕಾ ಅಂತ ಕೇಳುತ್ತಾಳೆ. ಅದು ನಗು ತರಿಸುತ್ತದೆ. ನನಗೆ ಮುಖ್ಯವಾದದ್ದು ಅದಾದ ಮೇಲಿನದು. ಸ್ಕ್ರೂಜ್ ಸೋದರಳಿಯನ ಮನೆಗೆ ಹೋಗುತ್ತಾನೆ. ಇಷ್ಟು ವರ್ಷ ಅವರು ಕರೆದಾಗೆಲ್ಲ ಉಗಿದು ಕಳಿಸಿದವನು. ಒಳಗೆ ಹಾಡು ಕೇಳುತ್ತಿದೆ. ಕೋಣೆಯ ಬಾಗಿಲ ಮುಂದೆ ಬಂದು ನಿಂತವನಿಗೆ ಧೈರ್ಯ ಸಾಲುವುದಿಲ್ಲ. ತಿರುಗಿ ನೋಡಿದರೆ ಆ ಮನೆಯ ಕೆಲಸದ ಹುಡುಗಿ ನಿಂತಿದ್ದಾಳೆ. ಅವಳು ಏನೂ ಹೇಳುವುದಿಲ್ಲ, ಹೋಗಿ ಎನ್ನುವಂತೆ ತಲೆ ಆಡಿಸುತ್ತಾಳೆ ಅಷ್ಟೆ. ಅವನು ಒಳಗೆ ಹೋಗುತ್ತಾನೆ. ಒಳ್ಳೆಯವನಾಗಬೇಕು ಎಂದು ರಾತ್ರಿ ತೀರ್ಮಾನ ಮಾಡುವುದು ಸುಲಭ. ಬೆಳಗ್ಗೆ ನೋಯಿಸಿದವರ ಮನೆ ಬಾಗಿಲು ತಟ್ಟುವುದು ಕಷ್ಟ. ಆ ಕಷ್ಟವನ್ನು ಈ ಸಿನಿಮಾ ಬಿಟ್ಟುಕೊಟ್ಟಿಲ್ಲ.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಸಾಮಾನು ಮಾರುವ ಉದ್ದೇಶ ಇರುವುದು ಸುಳ್ಳಲ್ಲ. ಆದರೆ ಅವರ ಆಕ್ಷೇಪವನ್ನೇ ಕಥೆ ಮಾಡಿಕೊಂಡ ಸಿನಿಮಾ 1947ರಲ್ಲೇ ಬಂದಿದೆ. 'ಮಿರಾಕಲ್ ಆನ್ ಥರ್ಟಿ ಫೋರ್ತ್ ಸ್ಟ್ರೀಟ್'. ನ್ಯೂಯಾರ್ಕ್‌ನ ಮೇಸೀಸ್ ಮಳಿಗೆಯಲ್ಲಿ ಸಾಂಟಾ ವೇಷದ ಕೆಲಸಕ್ಕೆ ಸೇರುವ ಒಬ್ಬ ಮುದುಕ, ತಾನೇ ನಿಜವಾದ ಸಾಂಟಾ ಎನ್ನುತ್ತಾನೆ. ಉಳಿದುಹೋದ ಆಟಿಕೆ ಮಕ್ಕಳ ತಲೆಗೆ ಕಟ್ಟು ಎಂದು ಮಳಿಗೆಯವರು ಹೇಳಿದರೆ, ಆತ ಗಿರಾಕಿಗಳಿಗೆ, ಇದು ಇಲ್ಲಿ ಸಿಗಲ್ಲ, ಎದುರಾಳಿ ಅಂಗಡಿಗೆ ಹೋಗಿ ಎಂದು ದಾರಿ ತೋರಿಸುತ್ತಾನೆ. ಮಾಲೀಕರು ಅದರಲ್ಲೂ ಲಾಭ ಕಂಡುಕೊಳ್ಳುತ್ತಾರೆ. ಸಿನಿಮಾ ಇದನ್ನು ಮುಚ್ಚಿಡುವುದಿಲ್ಲ, ಅದಕ್ಕೇ ನಂಬಿಕೆ ಹುಟ್ಟುತ್ತದೆ. ವಿಚಿತ್ರ ಏನೆಂದರೆ ಸ್ಟುಡಿಯೋದವರು ಇದನ್ನು ಬೇಸಿಗೆಯಲ್ಲಿ ಬಿಡುಗಡೆ ಮಾಡಿದರು. ಬೇಸಿಗೆಯಲ್ಲಿ ಜನ ಜಾಸ್ತಿ ಬರುತ್ತಾರೆ ಎನ್ನುವ ಲೆಕ್ಕ. ಪ್ರಚಾರದಲ್ಲಿ ಕ್ರಿಸ್‌ಮಸ್ ವಿಷಯವನ್ನೇ ಮರೆಮಾಡಿದ್ದರು. ಆದರೂ ಗೆದ್ದಿತು, ಸಾಂಟಾ ಪಾತ್ರದ ಎಡ್ಮಂಡ್ ಗ್ವೆನ್‌ಗೆ ಆಸ್ಕರ್ ಬಂತು.

ಇದರಲ್ಲಿ ಒಬ್ಬ ಪುಟ್ಟ ಹುಡುಗಿ ಬರುತ್ತಾಳೆ. ಯುದ್ಧದಲ್ಲಿ ಅನಾಥಳಾಗಿ ಹಾಲೆಂಡಿನಿಂದ ಬಂದವಳು. ಸಾಕುತಾಯಿ ಸಾಂಟಾನ ಬಳಿ ಕ್ಷಮೆ ಕೇಳುತ್ತಾರೆ, ಇವಳಿಗೆ ಇಂಗ್ಲಿಷ್ ಬರಲ್ಲ, ಆದರೂ ನಿಮ್ಮನ್ನು ನೋಡಲೇಬೇಕು ಅಂತ ಹಟ ಮಾಡಿದಳು ಎಂದು. ಸಾಂಟಾ ತಕ್ಷಣ ಡಚ್‌ನಲ್ಲಿ ಮಾತು ಶುರು ಮಾಡುತ್ತಾನೆ, ಆಮೇಲೆ ಇಬ್ಬರೂ ಹಾಡುತ್ತಾರೆ. ಪರದೆಯ ಕೆಳಗೆ ಅನುವಾದ ಹಾಕಿಲ್ಲ. ನಮಗೆ ಒಂದು ಪದವೂ ತಿಳಿಯುವುದಿಲ್ಲ, ಮಗುವಿನ ಮುಖ ಮಾತ್ರ ಕಾಣುತ್ತದೆ. ಸಾಕು. ಪಕ್ಕದಲ್ಲಿ ನಿಂತು ನೋಡುತ್ತಿರುವ, ಯಾವುದನ್ನೂ ನಂಬಬಾರದು ಎಂದು ಕಲಿತು ಬೆಳೆದ ಇನ್ನೊಂದು ಹುಡುಗಿಯ ಮುಖವನ್ನೂ ನೋಡಿ. ಅದು ಪುಟ್ಟ ನಟಾಲಿ ವುಡ್.

ಇದೇ ಎಳೆ 2019ರ 'ಕ್ಲೌಸ್' ಎಂಬ ಅನಿಮೇಷನ್‌ನಲ್ಲೂ ಸಿಗುತ್ತದೆ, ಅದಕ್ಕೇ ಅದು ನನಗೆ ಅಚ್ಚುಮೆಚ್ಚು. ಸ್ಪೇನಿನ ಸೆರ್ಹಿಯೋ ಪಾಬ್ಲೋಸ್ ಮಾಡಿದ್ದು. ಶ್ರೀಮಂತನೊಬ್ಬನ ಸೋಮಾರಿ ಮಗ ಯೆಸ್ಪರ್, ದೂರದ ಹಿಮದೂರಿಗೆ ಪೋಸ್ಟ್‌ಮ್ಯಾನ್ ಆಗಿ ಹೋಗಬೇಕಾಗುತ್ತದೆ. ವರ್ಷಕ್ಕೆ ಇಷ್ಟು ಕಾಗದ ಎಂದು ಗುರಿ ಇದೆ. ಅದು ಮುಟ್ಟದಿದ್ದರೆ ಅಪ್ಪನ ಆಸ್ತಿ ಇಲ್ಲ. ಗುರಿ ಮುಟ್ಟಲೆಂದೇ ಅವನು ಮಕ್ಕಳಿಂದ ಆಟಿಕೆ ಕೇಳಿ ಕಾಗದ ಬರೆಸುತ್ತಾನೆ. ಅಂದರೆ ಸಾಂಟಾ ಕಥೆ ಇಲ್ಲಿ ಹುಟ್ಟುವುದೇ ಸ್ವಾರ್ಥದಿಂದ. ಮಾರ್ಗು ಎಂಬ ಪುಟ್ಟ ಹುಡುಗಿ ಪದೇಪದೇ ಬಂದು ಉತ್ತರ ಯುರೋಪಿನ ಸಾಮಿ ಜನರ ಭಾಷೆಯಲ್ಲಿ ಏನೋ ಹೇಳುತ್ತಾಳೆ. ಅವನಿಗೂ ತಿಳಿಯದು, ನಮಗೂ ತಿಳಿಯದು. ಕೊನೆಗೆ ಅವಳಿಗೊಂದು ಉಡುಗೊರೆ ಮಾಡಿಕೊಟ್ಟು, ಅವಳು ಆಡುವುದನ್ನು ದೂರದಲ್ಲಿ ನಿಂತು ನೋಡುವಾಗ ಯೆಸ್ಪರ್ ಬದಲಾಗುತ್ತಾನೆ. ಲೆಕ್ಕಕ್ಕೆ ಬಾರದ ಒಂದು ಕೆಲಸವನ್ನು ಅವನು ಮೊದಲ ಸಲ ಮಾಡಿದ್ದು ಅಲ್ಲಿ. ಹನ್ನೆರಡರ ಹುಡುಗನಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಹೊಸ ಸಿನಿಮಾ ನನಗೆ ಹೊಳೆಯುತ್ತಿಲ್ಲ.

'ಹೋಮ್ ಅಲೋನ್' ನೀವು ಎಷ್ಟೋ ಸಲ ನೋಡಿರುತ್ತೀರಿ. 1990ರದ್ದು. ಕಳ್ಳರಿಗೆ ಬೀಳುವ ಏಟು ನೋಡಿ ನಗುವ ಭರದಲ್ಲಿ ಚರ್ಚ್ ದೃಶ್ಯ ಕಣ್ತಪ್ಪಿ ಹೋಗುತ್ತದೆ. ಈ ಸಲ ಅಲ್ಲಿ ಸ್ವಲ್ಪ ನಿಲ್ಲಿ. ಮಕ್ಕಳೆಲ್ಲ ಕೊಲೆಗಾರ ಎಂದು ಹೆದರುವ ಪಕ್ಕದ ಮನೆಯ ಮುದುಕ ಮಾರ್ಲಿ ಬಂದು, ಮನೆಯಲ್ಲಿ ಒಬ್ಬನೇ ಉಳಿದುಹೋದ ಹುಡುಗ ಕೆವಿನ್ ಪಕ್ಕ ಕೂರುತ್ತಾನೆ. ಮೊಮ್ಮಗಳು ಮುಂದೆ ಹಾಡುತ್ತಿದ್ದಾಳೆ. ಮಗನ ಜೊತೆ ಜಗಳವಾಗಿದ್ದರಿಂದ ರಾತ್ರಿ ಅವಳ ಹಾಡು ಕೇಳಲು ಬರುವ ಹಾಗಿಲ್ಲ, ಅಭ್ಯಾಸದ ಹೊತ್ತಿಗೆ ಕದ್ದು ಬಂದು ಕೇಳುತ್ತಿದ್ದಾನೆ. ಮಗನಿಗೆ ಫೋನ್ ಮಾಡಿ ಎನ್ನುತ್ತಾನೆ ಹುಡುಗ. ಅವನು ಮಾತಾಡದೆ ಹೋದರೆ ಅಂತ ಮುದುಕನಿಗೆ ಭಯ. ಮನೆಯವರೆಲ್ಲ ಮಾಯವಾಗಲಿ ಎಂದು ಬಯಸಿದ ಹುಡುಗ, ಮನೆಯವರನ್ನು ಕಳೆದುಕೊಂಡ ಮುದುಕ. ಇಬ್ಬರ ಭಯವೂ ಒಂದೇ ಬೆಂಚಿನ ಮೇಲೆ ಕೂತಿದೆ. ಏಟಿನ ಗಲಾಟೆ ಇಲ್ಲದೆಯೂ ಈ ಸಿನಿಮಾ ನಿಲ್ಲುತ್ತಿತ್ತು. ಈ ಬೆಂಚು ಇಲ್ಲದಿದ್ದರೆ ನಿಲ್ಲುತ್ತಿರಲಿಲ್ಲ.

'ಡೈ ಹಾರ್ಡ್' ವಾದ ಬೇಗ ಮುಗಿಸೋಣ. ಹೌದು, ಅದು ಕ್ರಿಸ್‌ಮಸ್ ಸಿನಿಮಾ. 1988ರ ಜುಲೈನಲ್ಲಿ ಬಂದಿದ್ದಕ್ಕೆ ಅಲ್ಲ ಎನ್ನುವ ಹಾಗಿದ್ದರೆ ಮೇಲೆ ಹೇಳಿದ 1947ರ ಸಿನಿಮಾವನ್ನೂ ಬಿಡಬೇಕಾಗುತ್ತದೆ. ಬೇರೆಯಾದ ಹೆಂಡತಿಯನ್ನು ಹಬ್ಬದ ಹೊತ್ತಿಗೆ ಕಾಣಲು ನ್ಯೂಯಾರ್ಕ್‌ನಿಂದ ಲಾಸ್ ಏಂಜಲೀಸ್‌ಗೆ ಬಂದವನು, ದರೋಡೆಕೋರರು ವಶಮಾಡಿಕೊಂಡ ಒಂದು ಕಟ್ಟಡದಲ್ಲಿ ಒಂಟಿಯಾಗಿ ಸಿಕ್ಕಿಹಾಕಿಕೊಳ್ಳುತ್ತಾನೆ. ಕೆಳಗೆ ರಸ್ತೆಯಲ್ಲಿ ಮುಖವೇ ನೋಡಿರದ ಒಬ್ಬ ಪೊಲೀಸಿನವನು ವಾಕಿಟಾಕಿಯಲ್ಲಿ ಮಾತಾಡಿಸುತ್ತಾ ಅವನ ಜೀವ ಹಿಡಿದಿಡುತ್ತಾನೆ. ನನ್ನ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಆದರೆ ರಕ್ತ, ಬೈಗುಳ ಎರಡೂ ಜಾಸ್ತಿ. ಮಗನಿಗೆ ಈಗ ಬೇಡ.

ದೊಡ್ಡವರು ಮಾತ್ರ ಇರುವ ರಾತ್ರಿಗೆ ಕೆಲವು ಹೇಳುತ್ತೇನೆ. 2005ರ ಫ್ರೆಂಚ್ ಸಿನಿಮಾ 'ಜ್ವಾಯೂ ನೋಯೆಲ್', ಮೊದಲ ಮಹಾಯುದ್ಧದ 1914ರ ಕ್ರಿಸ್‌ಮಸ್‌ನದು. ಆ ವರ್ಷ ಪಶ್ಚಿಮ ರಣರಂಗದ ಎಷ್ಟೋ ಕಡೆ ಸೈನಿಕರು ತಾವಾಗಿಯೇ ಗುಂಡು ನಿಲ್ಲಿಸಿ, ಕಂದಕದಿಂದ ಎದ್ದು ಬಂದು, ಸಿಗರೇಟು ಹಂಚಿಕೊಂಡು, ಸತ್ತವರನ್ನು ಹೂತಿದ್ದು ನಿಜ. ಸಿನಿಮಾದಲ್ಲಿ ಒಂದು ಬೆಕ್ಕು ಬರುತ್ತದೆ. ಎರಡೂ ಕಡೆಯ ಕಂದಕಗಳಿಗೆ ಓಡಾಡುವ ಬೆಕ್ಕು. ಫ್ರೆಂಚರು ಅದನ್ನು ನೆಸ್ಟರ್ ಎನ್ನುತ್ತಾರೆ, ಜರ್ಮನರು ಫೆಲಿಕ್ಸ್ ಎನ್ನುತ್ತಾರೆ, ನಮ್ಮದು ನಮ್ಮದು ಎಂದು ವಾದ ಮಾಡುತ್ತಾರೆ. ಹಿಂದಿನ ದಿನದವರೆಗೂ ಕೊಲ್ಲುತ್ತಿದ್ದವರ ನಡುವೆ ನಡೆಯುವ ಆ ಜಗಳ ಮನೆಯೊಳಗಿನ ಜಗಳದ ಹಾಗಿದೆ. ಈ ಸಿನಿಮಾದ ಬೆಲೆ ಇರುವುದು ಹಬ್ಬ ಮುಗಿದ ಮೇಲಿನ ಭಾಗದಲ್ಲಿ. ಸೈನಿಕರ ಕಾಗದಗಳನ್ನು ಮೇಲಿನವರು ಒಡೆದು ಓದುತ್ತಾರೆ. ಕೈಕುಲುಕಿದ್ದಕ್ಕೆ ಶಿಕ್ಷೆಯಾಗುತ್ತದೆ, ಜರ್ಮನರನ್ನು ಪೂರ್ವದ ರಣರಂಗಕ್ಕೆ ಅಟ್ಟುತ್ತಾರೆ. ಒಂದು ರಾತ್ರಿಯ ಒಳ್ಳೆಯತನಕ್ಕೂ ಬೆಲೆ ತೆರಬೇಕಾಯಿತು ಎಂದು ತೋರಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಜಪಾನಿನ ಸಾತೋಶಿ ಕೋನ್ ಮಾಡಿದ 'ಟೋಕಿಯೋ ಗಾಡ್‌ಫಾದರ್ಸ್' 2003ರದ್ದು. ಬೀದಿಯಲ್ಲಿ ಬದುಕುವ ಮೂವರಿಗೆ ಕ್ರಿಸ್‌ಮಸ್ ಹಿಂದಿನ ರಾತ್ರಿ ಕಸದ ರಾಶಿಯಲ್ಲಿ ಒಂದು ಹಸುಗೂಸು ಸಿಗುತ್ತದೆ. ಒಬ್ಬ ಕುಡುಕ, ಒಬ್ಬ ತೃತೀಯ ಲಿಂಗಿ, ಮನೆಬಿಟ್ಟು ಬಂದ ಒಬ್ಬ ಹುಡುಗಿ. ತಾಯಿಯನ್ನು ಹುಡುಕಿಕೊಂಡು ಅಲೆಯುವಾಗ ಮೂವರೂ ತಾವು ಬಿಟ್ಟುಬಂದ ಮನೆಗಳನ್ನು ಎದುರಿಸಬೇಕಾಗುತ್ತದೆ. ಕಾಕತಾಳೀಯಗಳು ಒಂದರ ಮೇಲೊಂದು ಬರುತ್ತವೆ. ಅದು ದೋಷ ಅಂತ ನನಗೆ ಅನ್ನಿಸುವುದಿಲ್ಲ, ಈ ಕಥೆಯ ಪವಾಡವೇ ಅದು. ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ರ 1982ರ 'ಫ್ಯಾನಿ ಅಂಡ್ ಅಲೆಕ್ಸಾಂಡರ್' ಮೂರು ಗಂಟೆಗೂ ಉದ್ದ. ಪೂರ್ತಿ ಆಗದಿದ್ದರೆ ಮೊದಲ ಭಾಗವನ್ನಾದರೂ ನೋಡಿ, ಮನೆಯವರೂ ಆಳುಗಳೂ ಕೈಕೈ ಹಿಡಿದು ಕೋಣೆಯಿಂದ ಕೋಣೆಗೆ ಕುಣಿದುಕೊಂಡು ಹೋಗುವ ಕ್ರಿಸ್‌ಮಸ್ ರಾತ್ರಿ.

ಈಚಿನದರಲ್ಲಿ 2023ರ 'ದ ಹೋಲ್ಡೋವರ್ಸ್' ಈ ಸಾಲಿಗೆ ಸೇರಿತು. 1970ರ ಡಿಸೆಂಬರ್. ರಜೆಗೆ ಎಲ್ಲರೂ ಮನೆಗೆ ಹೋದ ಮೇಲೆ ಒಂದು ಬೋರ್ಡಿಂಗ್ ಶಾಲೆಯಲ್ಲಿ ಉಳಿದವರು ಮೂವರು. ಯಾರಿಗೂ ಬೇಡದ ಮೇಷ್ಟ್ರು, ತಾಯಿ ಕರೆಸಿಕೊಳ್ಳದ ಹುಡುಗ, ವಿಯೆಟ್ನಾಂ ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಅಡುಗೆಯಾಕೆ ಮೇರಿ. ಒಂದು ಪಾರ್ಟಿಯಲ್ಲಿ ಎಲ್ಲರೂ ನಗುತ್ತಿರುವಾಗ ಮೇರಿ ಒಬ್ಬಳೇ ರೆಕಾರ್ಡ್ ಹಾಕಿಕೊಂಡು ಕೂತು, ಆಮೇಲೆ ಅಡುಗೆಮನೆಗೆ ಹೋಗಿ ಕುಸಿಯುತ್ತಾಳೆ. ಡವೈನ್ ಜಾಯ್ ರ‍್ಯಾಂಡಾಲ್ಫ್‌ಗೆ ಈ ಪಾತ್ರಕ್ಕೆ ಆಸ್ಕರ್ ಸಿಕ್ಕಿತು. ಸಿಗಲೇಬೇಕಿತ್ತು.

ಹಾಡಿನ ಬಗ್ಗೆ ಒಂದು ಮಾತು ಹೇಳದಿದ್ದರೆ ಮನಸ್ಸು ಕೇಳುವುದಿಲ್ಲ. 'ಹ್ಯಾವ್ ಯುವರ್‌ಸೆಲ್ಫ್ ಎ ಮೆರಿ ಲಿಟಲ್ ಕ್ರಿಸ್‌ಮಸ್' ಹಾಡು ಹುಟ್ಟಿದ್ದು 1944ರ 'ಮೀಟ್ ಮಿ ಇನ್ ಸೇಂಟ್ ಲೂಯಿಸ್' ಸಿನಿಮಾಕ್ಕೆ. ಹ್ಯೂ ಮಾರ್ಟಿನ್ ಬರೆದ ಮೊದಲ ಸಾಲುಗಳು ತೀರಾ ದುಃಖದವು. ಅಳುತ್ತಿರುವ ಪುಟ್ಟ ತಂಗಿಯ ಮುಂದೆ ಇದನ್ನು ಹಾಡಿದರೆ ನಾನು ಕ್ರೂರಿ ಅನ್ನಿಸಿಕೊಳ್ಳುತ್ತೇನೆ ಎಂದು ಅಕ್ಕನ ಪಾತ್ರದ ಜೂಡಿ ಗಾರ್ಲಂಡ್ ಬದಲಾಯಿಸಲು ಕೇಳಿದರು. ಬದಲಾದ ಮೇಲೂ ಅದು ಸಮಾಧಾನದ ಹಾಡೇ ಹೊರತು ಸಂಭ್ರಮದ್ದಲ್ಲ. 1957ರಲ್ಲಿ ಗಾಯಕ ಫ್ರಾಂಕ್ ಸಿನಾತ್ರಾ ತಮ್ಮ ಆಲ್ಬಂಗೆ ಇನ್ನೂ ಹಗುರ ಮಾಡಿಸಿಕೊಂಡರು. ಈಗ ಎಲ್ಲೆಡೆ ಕೇಳುವುದು ಅದೇ. ಸಿನಿಮಾದಲ್ಲಿ ಹಾಡು ಮುಗಿದ ಕೂಡಲೇ ಆ ತಂಗಿ ಹೊರಗೆ ಓಡಿ, ತಾನೇ ಕಟ್ಟಿದ ಹಿಮದ ಬೊಂಬೆಗಳನ್ನು ಹೊಡೆದು ಕೆಡವುತ್ತಾಳೆ. ಮನೆ ಬಿಟ್ಟು ನ್ಯೂಯಾರ್ಕ್‌ಗೆ ಹೋಗಬೇಕಾಗಿದೆಯಲ್ಲ ಎಂಬ ಸಿಟ್ಟು. ಕಿಟಕಿಯಿಂದ ಅಪ್ಪ ಅದನ್ನು ನೋಡುತ್ತಾನೆ. ನೋಡಿದ್ದರಿಂದಲೇ ಮುಂದಿನದೆಲ್ಲ ಬದಲಾಗುತ್ತದೆ.

ಈಗ ನಿಮ್ಮ 24ರ ರಾತ್ರಿಗೆ. ನನ್ನ ಆಯ್ಕೆ 'ಮಿರಾಕಲ್ ಆನ್ ಥರ್ಟಿ ಫೋರ್ತ್ ಸ್ಟ್ರೀಟ್'. ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ, ನಗು ಇದೆ, ಕೋರ್ಟಿನ ವಾದ ಇದೆ, ಮೂರು ತಲೆಮಾರಿಗೂ ಹಿಡಿಸುತ್ತದೆ. ಮಗ ಕಪ್ಪು-ಬಿಳುಪು ಬೇಡ ಅಂದರೆ 'ಕ್ಲೌಸ್' ಹಾಕಿ. ಅತ್ತೆಯವರಿಗೆ ಇಂಗ್ಲಿಷ್ ಮಾತು ವೇಗ ಅನ್ನಿಸಿದರೆ 1982ರ ಬ್ರಿಟಿಷ್ ಅನಿಮೇಷನ್ 'ದ ಸ್ನೋಮ್ಯಾನ್' ಇದೆ. ಅರ್ಧ ಗಂಟೆಯೂ ಇಲ್ಲ, ಕಥೆಯಲ್ಲಿ ಮಾತೇ ಇಲ್ಲ, ಒಂದು ಹಾಡಿದೆ ಅಷ್ಟೆ. ಕೊನೆಯಲ್ಲಿ ಹಿಮದ ಗೆಳೆಯ ಕರಗಿಹೋಗುತ್ತಾನೆ, ಅದನ್ನು ಮುಚ್ಚಿಡಲು ಹೋಗಬೇಡಿ. ಮಕ್ಕಳು ನಾವಂದುಕೊಂಡದ್ದಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ.

'ಇಟ್ಸ್ ಎ ವಂಡರ್‌ಫುಲ್ ಲೈಫ್' ಅನ್ನು ಆ ರಾತ್ರಿಗೆ ಇಡಬೇಡಿ. ಎರಡು ಗಂಟೆಗೂ ಜಾಸ್ತಿ ಇದೆ, ಎಲ್ಲರೂ ಸುಸ್ತಾಗಿರುತ್ತಾರೆ. ಒಂದೆರಡು ದಿನ ಮೊದಲು, ಸಂಜೆ ಬೇಗ ಶುರು ಮಾಡಿ. ನಾಯಕ ಸಾಯಲು ಹೊರಡುವ ಭಾಗ ಇದೆ ಎಂದು ಮಗನಿಗೆ ಮೊದಲೇ ಹೇಳಿ, ಮುಗಿದ ಮೇಲೆ ಅದರ ಬಗ್ಗೆ ಅವನ ಜೊತೆ ಮಾತಾಡಿ. ಇದಕ್ಕೂ 'ಮಿರಾಕಲ್'ಗೂ ಆಮೇಲೆ ಬಣ್ಣ ಹಚ್ಚಿದ ಪ್ರತಿಗಳು ಓಡಾಡುತ್ತಿವೆ. ಅವುಗಳಲ್ಲಿ ಮುಖಗಳೆಲ್ಲ ಮೇಣದ ಹಾಗೆ ಕಾಣುತ್ತವೆ, ಬಾರ್ ದೃಶ್ಯವಂತೂ ಪೂರ್ತಿ ಕೆಡುತ್ತದೆ. ಹಾಕುವ ಮೊದಲು ಮೂಲ ಕಪ್ಪು-ಬಿಳುಪು ಪ್ರತಿಯೇ ಹೌದಾ ಅಂತ ನೋಡಿಕೊಳ್ಳಿ.